ಜಗಲಿಗೆ ಬಂದ ಮಾತ್ರೆ ಡಬ್ಬ

ಬೆಳಗಿನ ಆರೂವರೆ. ಹೂಗ್ಯಂ ಊರಿನ ಕೊನೆಯ ಸಾಲಿನ ಮನೆಯ ಮುಂದೆ ಆಶಾ ಕಾರ್ಯಕರ್ತೆ ಕೋಮಲ ನಿಂತಿದ್ದಾರೆ. ಜಗಲಿಯ ಮೂಲೆಯಲ್ಲಿ ಚಾಪೆ, ಚೊಂಬು, ತಟ್ಟೆ. ಕಂಬಳಿ ಹೊದ್ದು ಕೂತವಳು ಮನೆಯ ಸೊಸೆ ಶ್ವೇತಾ. ಮೂತ್ರದ ಸೋಂಕಿಗೆ ಡಾಕ್ಟರು ಐದು ದಿನದ ಆ್ಯಂಟಿಬಯೋಟಿಕ್ ಕೊಟ್ಟಿದ್ದರು, ದಿನಕ್ಕೆ ಎರಡು. ಎರಡು ದಿನ ನುಂಗಿದಳು. ನಿನ್ನೆ ಮುಟ್ಟಾಗಿ ಹೊರಗೆ ಕೂತಳು. ಡಬ್ಬ ಒಳಗೆ ದೇವರ ಗೂಡಿನಲ್ಲೇ ಉಳಿಯಿತು.

ಕೋಮಲ ಅವಳ ಹಣೆ ಮುಟ್ಟಿ ನೋಡುತ್ತಾರೆ. ಮೈ ಸುಡುತ್ತಿದೆ.

"ಮುಟ್ಬ್ಯಾಡ ಕಣವ್ವ," ಹೊಸಿಲ ಒಳಗಿಂದ ಅತ್ತೆ ದೊಡ್ಡಬಸಮ್ಮನ ದನಿ. "ಮೂರು ದಿನ ಕಳೀಲಿ, ಮಿಂದು ಒಳಕ್ಕೆ ಬಂದ್ಮೇಲೆ ನುಂಗ್ತಾಳೆ. ಆ ಮಾತ್ರೆ ಉಷ್ಣ, ರಕ್ತ ಇನ್ನೂ ಜಾಸ್ತಿ ಓಯ್ತದೆ."

ಕೋಮಲ ಅವರದು ಇನ್ನೂರಕ್ಕೂ ಹೆಚ್ಚು ಮನೆ, ದಿನಕ್ಕೆ ಆರೇಳು ಕಿಲೋಮೀಟರ್ ನಡಿಗೆ, ಹದಿನಾರು ವರ್ಷದ ಕೆಲಸ. ಲಸಿಕೆ, ಬಾಣಂತಿ, ಕಫ ಪರೀಕ್ಷೆ ಎಲ್ಲ ವರದಿಯಲ್ಲಿ ಸೇರುತ್ತದೆ. ಅರ್ಧಕ್ಕೆ ನಿಂತ ಮಾತ್ರೆಯನ್ನು ಮತ್ತೆ ಶುರು ಮಾಡಿಸಿದ್ದನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ. ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ ಅದೇ ದೊಡ್ಡ ಕೆಲಸವಾಗಿ ಕಾಣುತ್ತದೆ.

"ಮಾತ್ರೆ ಬರ‍್ಕೊಟ್ಟ ದಿನವೇ, ನಿನ್ ದಿನ ಯಾವತ್ತವ್ವ ಅಂತ ಕೇಳ್ತೀನಿ ಮೇಡಂ," ಎನ್ನುತ್ತಾರೆ ಕೋಮಲ. "ಅತ್ರ ಇದ್ರೆ ಡಬ್ಬಾನ ಮೊದ್ಲೇ ಜಗಲಿಗೆ ತರುಸ್ತೀನಿ, ಮಕ್ಳ ಕೈಗೆ ಸಿಗ್ದಂಗೆ. ಈ ಸಲ ಕೇಳೋದು ಮರ‍್ತೆ. ತಪ್ಪು ನಂದೇ."

ಆಸ್ಪತ್ರೆಗೆ ಫೋನ್ ಮಾಡುತ್ತಾರೆ. ಮುಟ್ಟಿಗೂ ಈ ಮಾತ್ರೆಗೂ ತೊಂದರೆಯಿಲ್ಲ, ಈಗಲೇ ಒಂದು ನುಂಗಲಿ, ತಪ್ಪಿದ್ದಕ್ಕೆಂದು ಎರಡು ಒಟ್ಟಿಗೆ ಬೇಡ, ಜ್ವರ ಇರುವುದರಿಂದ ಇವತ್ತೇ ಕರೆತನ್ನಿ ಎನ್ನುತ್ತಾರೆ ಡಾಕ್ಟರು. ದೊಡ್ಡಬಸಮ್ಮ ಅಲುಗುವುದಿಲ್ಲ. ಕೋಮಲ ವಾದಕ್ಕಿಳಿಯದೆ ಶ್ವೇತಾಳ ಚಾಪೆಯ ಮೇಲೇ ಕೂರುತ್ತಾರೆ.

"ದೊಡ್ಡವ್ವ, ನನ್ ತಂಗಿ ರೂಪನ್ಗೂ ಇದೇ ಸೋಂಕು. ಡಬ್ಬ ಕೊಡಕ್ಕ ಅಂತ ಜಗಲಿಯಿಂದ ಕೂಗುದ್ಲು. ಮೀಯೋಗಂಟ ಬ್ಯಾಡ ಕಣೇ ಅಂದೋಳು ನಾನೇ. ಕಿಡ್ನಿಗೆ ಏರ‍್ತು, ರಕ್ತಕ್ಕೂ ಸೇರ‍್ತು. ಅವಳು ಮೀಯೋ ದಿನ ಬರ‍್ನೇ ಇಲ್ಲ."

ನನ್ನ ಪೆನ್ನು ನಿಂತುಹೋಗುತ್ತದೆ. ಇದಾಗಿ ಎರಡು ವರ್ಷಕ್ಕೆ ಆಶಾ ಕೆಲಸಕ್ಕೆ ಸೇರಿದೆ ಎಂದು ಅವರು ಆಮೇಲೆ ಹೇಳುತ್ತಾರೆ.

ದೊಡ್ಡಬಸಮ್ಮ ಒಳಗೆ ಹೋಗಿ ಡಬ್ಬ ತರುತ್ತಾರೆ. ಹೊರಗೆ ಕೂತವರಿಗೆ ಏನಿದ್ದರೂ ಕೈ ತಾಗದಂತೆ ಮೇಲಿಂದ ಹಾಕುವುದು ಈ ಮನೆಯ ರೂಢಿ. ಇವತ್ತು ಮುದುಕಿ ಬಗ್ಗಿ, ಸೊಸೆಯ ಅಂಗೈ ಹಿಡಿದು, ಮಾತ್ರೆ ಇಡುತ್ತಾರೆ.

"ಗಂಜಿ ಕುಡ್ದು ನುಂಗು ಕಣವ್ವ. ಆಮ್ಯಾಕೆ ಆಸ್ಪತ್ರೆಗೆ ಓಗದು."

ಆಟೋಗೆ ಕಾಯುತ್ತಾ ಕೋಮಲ ಅವರನ್ನು ಕೇಳುತ್ತೇನೆ, ಈ ಕೆಲಸದಿಂದ ನಿಮಗೇನು ಬೇಕು ಎಂದು. ಅವರು ಡಬ್ಬವನ್ನು ತೋರಿಸುತ್ತಾರೆ.

"ಇದು ಖಾಲಿಯಾಗೋದ ನೋಡ್ಬೇಕು ಮೇಡಂ, ಅಷ್ಟೇಯ. ರೂಪನ್ದು ಅರ್ಧ ಅಂಗೇ ಉಳ್ಕತ್ತು."