ಮುಂಬೈಗೆ ಒಯ್ದ ನಡಿಗೆ

ಮುಂಬೈಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಬೀಳುವುದು. ಸಿನಿಮಾದ ನಾಯಕ ತಳ್ಳಬೇಕು, ನಾನು ಸೆಗಣಿ ಗುಂಡಿಗೆ ಬೀಳಬೇಕು. ಹನ್ನೊಂದು ಸಲ ಬಿದ್ದೆ. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ. ಹಾಸ್ಯ ತಯಾರಾಗುವ ಜಾಗ ಇಷ್ಟು ಗಂಭೀರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಹಿಂದಿ ಸಿನಿಮಾಗಳಲ್ಲಿ ಅಡುಗೆಯವನಾಗಿಯೋ ಜಿಪುಣ ಮಾಲೀಕನಾಗಿಯೋ ಎರಡು ನಿಮಿಷ ಬಂದು ಹೋಗುವ 'ಮದ್ರಾಸಿ'ಯನ್ನು ನೀವು ನೋಡಿರುತ್ತೀರಿ. ಅವನೇ ನಾನು. ದಕ್ಷಿಣದವರೆಲ್ಲ ಅಲ್ಲಿ ಮದ್ರಾಸಿಗಳೇ. ನಮ್ಮದು ಸಕಲೇಶಪುರದ ಹತ್ತಿರ ದೋಣಿಗಲ್ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟೆ. ನಾನಿದ್ದದ್ದು ಒಂದು ಖೋಲಿಯಲ್ಲಿ, ಎಂದರೆ ಒಂದೇ ಕೋಣೆಯ ಮನೆ. ಅದರಲ್ಲಿ ಐದು ಜನ ಸರದಿಯಂತೆ ಮಲಗುತ್ತಿದ್ದೆವು. ಊರಲ್ಲಿ ಪಕ್ಕದ ಮನೆಗೆ ಕೂಗಿದರೂ ಕೇಳದು, ಇಲ್ಲಿ ಪಕ್ಕದವರು ಕೆಮ್ಮಿದರೆ ನನಗೆ ಎಚ್ಚರ. ಒಂದು ಲೋಟ ಒಳ್ಳೆಯ ಕಾಫಿಗಾಗಿ ಅತ್ತಿದ್ದೂ ಉಂಟು.

ನಾಲ್ಕು ವರ್ಷ ಬಿದ್ದದ್ದೇ ಬಂತು. ಒಂದು ದಿನ ನಿರ್ದೇಶಕರು, "ಏನಾದರೂ ಹೊಸದು ಮಾಡು, ಇಲ್ಲವೆಂದರೆ ಬೇರೆಯವನನ್ನು ಕರೆಸುತ್ತೇನೆ" ಎಂದರು. ಯೋಚಿಸಲು ಪುರುಸೊತ್ತಿರಲಿಲ್ಲ. ಅಪ್ಪನ ಹಾಗೆ ನಡೆದುಬಿಟ್ಟೆ.

ಅಪ್ಪ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಕೂಗಿ ಕೆಲಸ ಹಂಚುವವರು. ಕಾಳುಮೆಣಸು ಬಿಡಿಸುವ ಏಣಿಯಿಂದ ಬಿದ್ದ ಮೇಲೆ ಅವರ ಎಡಗಾಲು ಹೊರಕ್ಕೊಂದು ಸುತ್ತು ಹಾಕಿ ನೆಲ ಮುಟ್ಟುತ್ತಿತ್ತು. ಆದರೂ ಪಂಚೆಯ ತುದಿ ಹಿಡಿದು, ಗಲ್ಲ ಎತ್ತಿ, ಗತ್ತಿನಿಂದಲೇ ನಡೆಯುತ್ತಿದ್ದರು. ಸೆಟ್ಟಿನಲ್ಲಿ ಲೈಟಿನವರೂ ನಕ್ಕರು. ಅಲ್ಲಿಂದ ನನಗೆ ಕೆಲಸ ತಪ್ಪಲಿಲ್ಲ.

ಆ ಸಿನಿಮಾ ಸಕಲೇಶಪುರಕ್ಕೂ ಬಂತು. ಮಗನ ಪಾರ್ಟು ನೋಡಲೆಂದು ಅಪ್ಪ ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಆಳುಗಳನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೋಗಿದ್ದರಂತೆ. ನಾನು ಊರಿಗೆ ಬಂದಾಗ ಬೈಯಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತಾ ಕೇಳಿದರು:

"ಅಲ್ಲ ಕಣೋ, ನಾನ್ ನಡ್ಯಾದು ನಿಜವಾಗ್ಲೂ ಅಂಗೇ ಐತಾ?"

"ಇಲ್ಲಪ್ಪ, ಸಿನಿಮಾಕ್ಕೆ ಅಂತ ಜಾಸ್ತಿ ಮಾಡ್ದೆ."

"ನಂಗೇನ್ ಗೊತ್ತು, ನಾನೆಲ್ಲಿ ನೋಡ್ಕಂಡಿದೀನಿ. ಲೈನ್‌ನೋರು ಬಿದ್ದೂ ಬಿದ್ದೂ ನಕ್ಬುಟ್ರು. ಆಮ್ಯಾಕೆ ನನ್ ಕಡೆ ನೋಡಿ ಎಲ್ಲಾ ಸುಮ್ಕಾಗ್ಬುಟ್ರು ಕಣೋ."

ಆಮೇಲೆ ಅಮ್ಮ ಹೇಳಿದಳು. ಈಗ ಅಪ್ಪ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಹಾಜರಿ ಕೂಗುವ ಸ್ಟೋರಿನ ಮುಂದೆ ಕುರ್ಚಿ ಹಾಕಿ ಕೂತುಬಿಡುತ್ತಾರಂತೆ. ಆಳುಗಳೆಲ್ಲ ತೋಟಕ್ಕೆ ಇಳಿದ ಮೇಲೆಯೇ ಏಳುತ್ತಾರಂತೆ.

ನಾನು ಹೊರಟ ದಿನ ಅಪ್ಪ ಬಸ್ಸಿಗೆ ಬಿಡಲು ಬಂದರು. ತೋಟದ ಕಾಲುದಾರಿಯಲ್ಲಿ ಯಾವತ್ತೂ ಹಿರಿಯರು ಮುಂದೆ, ಮಕ್ಕಳು ಹಿಂದೆ. ಹಾವು ಹುಪ್ಪಟೆ ಇದ್ದರೆ ಅವರು ನೋಡಿಕೊಳ್ಳುತ್ತಾರೆ. ಹಾಗೆ ಹಿಂದೆ ಹಿಂದೆ ನಡೆದೇ ನಾನು ಆ ನಡಿಗೆ ಕಲಿತದ್ದು. ಅವತ್ತು ಅಪ್ಪ ಪಕ್ಕಕ್ಕೆ ಸರಿದು ನಿಂತರು.

"ನೀನ್ ಮುಂದೆ ಹೋಗಪ್ಪ."

ಹೋದೆ. ಬಸ್ಸಿನವರೆಗೂ ಬೆನ್ನ ಹಿಂದೆ ಕಾಲೆಳೆಯುವ ಸದ್ದು ಕೇಳುತ್ತಿತ್ತು, ತಿರುಗಿ ನೋಡಲಿಲ್ಲ.

ಮುಂಬೈಗೆ ಮರಳಿದ ವಾರವೇ ಇನ್ನೊಬ್ಬ ನಿರ್ದೇಶಕರು ಅದೇ ನಡಿಗೆ ಕೇಳಿದರು. ನಡೆದು ತೋರಿಸಿದೆ. ಆ ಊರಲ್ಲಿ ನಿಲ್ಲಲು ನನಗೆ ಬೇರೆ ಕಾಲಿರಲಿಲ್ಲ. ಅದೇ ಕಾಲಲ್ಲಿ ನಮ್ಮೂರಿಗೆ ಬರುವುದು ಹೇಗೆಂದು ಇವತ್ತಿಗೂ ತಿಳಿದಿಲ್ಲ.