ಭಾವನ ತುಟಿ, ಅಪ್ಪನ ಕೀ

ಎಂಜಿನ್ ಸದ್ದು ಕೇಳುವಾಗ ನಮ್ಮ ಭಾವ ಎಡಗಣ್ಣು ಮುಚ್ಚಿ, ಕೆಳದುಟಿಯನ್ನು ಒಂದು ಅಡಿಕೆ ಇಡುವಷ್ಟು ಮುಂದಕ್ಕೆ ಚಾಚುತ್ತಿದ್ದರು. ಊರಿನವರನ್ನೆಲ್ಲ ಅಣಕಿಸುವ ನಾನು ಅದನ್ನೂ ಕನ್ನಡಿ ಮುಂದೆ ಮಾಡಿ ನೋಡಿದ್ದೇನೆ. ಅವರ ಮುಖದಲ್ಲಿ ಡಾಕ್ಟರು ಕಾಣುತ್ತಿದ್ದರು. ನನ್ನ ಮುಖದಲ್ಲಿ ಹಾಲು ಬಿಡಿಸಿದ ಕರು.

ಭಾವನದು ಅರಕಲಗೂಡಿನಲ್ಲಿ ಗ್ಯಾರೇಜು. ನಾನೂ ಹಾಸನದಲ್ಲಿ ಮೆಕ್ಯಾನಿಕ್ಕೇ. ಆದರೆ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅಪ್ಪನ ಡೀಸೆಲ್ ಕಾರಿನ ಕೀ ಜೇಬಿನಿಂದ ಹೊರಗೆ ಬರುತ್ತಿದ್ದದ್ದು ಅಳಿಯನಿಗೆ ಮಾತ್ರ. ಮಗನಿಗೆ ಬಾನೆಟ್ ಎತ್ತುವ ಭಾಗ್ಯ.

ಒಮ್ಮೆ ಗೌರಿ ಹಬ್ಬ ಹತ್ತಿರ ಬಂದಾಗ ಚನ್ನರಾಯಪಟ್ಟಣದ ರಸ್ತೆಯಲ್ಲಿ ಆ ಕಾರು ಮುನಿಸಿಕೊಂಡಿತು. ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ದೀಪ ಹತ್ತಿತು, ಎಳೆತ ಹೋಯಿತು. ಫಿಲ್ಟರಿನ ಒತ್ತಡ ಅಳೆಯುವ ಸೆನ್ಸರನ್ನೇ ನಾನು ಹೊಸದು ಹಾಕಿದೆ. ದೀಪ ಮತ್ತೆ ಹತ್ತಿತು.

"ಬುಡ್ಲಾ, ಅಳಿಯಂದ್ರು ಬರ್ಲಿ," ಎಂದರು ಅಪ್ಪ. ನನ್ನ ಹೊಟ್ಟೆ ಕಾದ ಸೈಲೆನ್ಸರಿನಂತಾಯಿತು.

ಹಬ್ಬಕ್ಕೆ ಅಕ್ಕನ ಜೊತೆ ಬಂದ ಭಾವ ಕಾರು ನೋಡಿ ಅಂಗಿಯ ತೋಳು ಮಡಚಿದರು. ಅವ್ವ ಬಿಟ್ಟಾಳೆಯೇ? "ಮನೆ ಅಳಿಯನ ಕೈಗೆ ಮಸಿ ಮೆತ್ತುಸ್ತೀರಾ? ನೋಡ್ದೋರು ಏನಂದಾರು!" ಭಾವ ಒಬ್ಬಟ್ಟಿನ ತಟ್ಟೆ ಹಿಡಿದು ಜಗುಲಿಯ ಕುರ್ಚಿಯಲ್ಲಿ ಕೂತರು; ನಾನು ಸೆನ್ಸರ್ ಬದಲಿಸಿದ್ದನ್ನು ಹೇಳಿ ಕಾರಿನಡಿ ತೂರಿದೆ.

"ಸೆನ್ಸರ್ ಪಾಪದ್ದು ಕಣ್ಲಾ ಬಾಮೈದ. ಫಿಲ್ಟರಿಂದ ಅದುಕ್ಕೆ ಎರಡು ಪೈಪ್ ಓಗ್ತವಲ್ಲ, ಬಿಚ್ಚಿ ಊದು."

ಒಂದರಲ್ಲಿ ಗಾಳಿ ಸಲೀಸಾಗಿ ಹೋಯಿತು. ಇನ್ನೊಂದರಲ್ಲಿ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಅಲ್ಲೇ ಐತೆ ಕಾಯ್ಲೆ! ತಂತಿ ಆಡ್ಸು."

ತಂತಿ ಆಡಿಸಿ ಮತ್ತೆ ಊದಿದೆ. ಗಟ್ಟಿಯಾಗಿದ್ದ ಮಸಿ ಅರ್ಧ ಆಚೆ ಹೋಯಿತು, ಅರ್ಧ ನನ್ನ ಬಾಯಿಗೆ ಬಂತು. ಪೈಪು ಜೋಡಿಸಿ, ಸ್ಕ್ಯಾನರಿನಲ್ಲಿ ಹಳೆಯ ದೂರು ಅಳಿಸಿದೆ. ಅಪ್ಪ ಎಂಜಿನ್ ಎಬ್ಬಿಸಿದರು. ದೀಪ ಹತ್ತಲಿಲ್ಲ.

ಅಪ್ಪ ಕೆಳಗಿಳಿದು ನೇರವಾಗಿ ಜಗುಲಿಗೇ ಹೋದರು. "ಒಂದು ರೌಂಡ್ ಓಡ್ಸಿ ನೋಡಿ ಅಳಿಯಂದ್ರೇ."

ಭಾವ ಕೀ ಈಸಿಕೊಂಡು ನನ್ನತ್ತ ಎಸೆದರು. "ಮಸಿ ತಿಂದೋನು ಅವ್ನು ಮಾವ, ನಾನ್ ತಿಂದಿದ್ದು ಒಬ್ಬಟ್ಟು. ಅವ್ನೇ ಓಡ್ಸ್ಲಿ."

ನೆಮ್ಮದಿಯಾಗಿ ಹೊಟ್ಟೆ ಉರಿದುಕೊಳ್ಳಲು ನನಗಿದ್ದ ಒಂದೇ ಕಾರಣವನ್ನೂ ಹೀಗೆ ಕಿತ್ತುಕೊಂಡರು ಪುಣ್ಯಾತ್ಮ.

ಹೋದ ವರ್ಷ ಎದೆನೋವು ಬಂದು ಭಾವ ಹೋಗಿಬಿಟ್ಟರು. ಕೀ ಈಗ ನನ್ನ ಜೇಬಿನಲ್ಲೇ ಇರುತ್ತದೆ. ಕಾರಿನ ಸದ್ದು ಬದಲಾದರೆ ನನ್ನ ಎಡಗಣ್ಣು ತಾನಾಗಿ ಮುಚ್ಚುತ್ತದೆ, ತುಟಿ ಮುಂದೆ ಬರುತ್ತದೆ. ಅಪ್ಪ ಅದನ್ನೇ ನೋಡುತ್ತ ನಿಲ್ಲುತ್ತಾರೆ. ಆ ನೋಟ ನನಗಲ್ಲ ಎಂದು ಗೊತ್ತು. ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ತುಟಿ ಒಳಗೆಳೆದುಕೊಳ್ಳುವುದಿಲ್ಲ.