ಎಣ್ಣೆ ಕುಡಿದ ಪಟ್ಟಿ

ಒಂದೇ ವರ್ಷಕ್ಕೆಂದು ಜಕಾರ್ತಕ್ಕೆ ಬಂದ ಎಂಕೊಸ್, ರೈಲುಹಳಿಯ ಗೋಡೆಗೆ ಒರಗಿದ ಕ್ಷೌರದ ಕುರ್ಚಿಗಳ ಸಾಲಿನಲ್ಲಿ ಇಪ್ಪತ್ತಾರು ವರ್ಷ ನಿಂತೇ ಕಳೆದ. ಕುರ್ಚಿ, ಕನ್ನಡಿ, ಕತ್ತಿ ಎಲ್ಲವೂ ದೊಡ್ಡಪ್ಪ ಹಾಜಿ ಓಚಿಮ್ ಅವರದು. ತಬ್ಬಲಿಯಾಗಿದ್ದ ಅವನನ್ನು ಹುಟ್ಟೂರು ಗಾರುತ್‌ನಿಂದ ಕರೆತಂದು, ಅನ್ನ ಹಾಕಿ ಕಸುಬು ಕಲಿಸಿದವರು. ಅಂಥವರೆದುರು ‘ಸಾಕು, ಊರಿಗೆ ಹೋಗುತ್ತೇನೆ’ ಎನ್ನಲು ನಾಲಿಗೆ ಹೇಗೆ ಹೊರಳಬೇಕು? ನಾಲ್ಕೈದು ಸಲ ಬಾಯಿ ತೆರೆದಿದ್ದ. ಪ್ರತಿ ಸಲವೂ ‘ಚಹಾ ತರಲಾ’ ಎಂದು ಕೇಳಿ ಮುಚ್ಚಿದ್ದ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಹೆಂಡತಿ ಇರೋಹ್ ಅನ್ನ ಬಡಿಸುತ್ತಲೇ ಹೇಳಿದ್ದಳು: “ವರ್ಷಕ್ಕೆ ಎರಡು ಸಲ ಬರೋರನ್ನ ಗಂಡ ಅನ್ನಲ್ಲ, ನೆಂಟ ಅಂತಾರೆ. ಮುಂದಿನ ಸಲ ಬಂದ್ರೆ ಗಂಟುಮೂಟೆ ಸಮೇತ ಬನ್ನಿ. ಇಲ್ಲಾಂದ್ರೆ ಬರಲೇಬೇಡಿ.”

ಆ ಸಾಲನ್ನು ಬಿಟ್ಟುಹೋಗಲು ಮಾನದ ದಾರಿ ಒಂದೇ ಇತ್ತು. ಕತ್ತಿ ಮೊಂಡಾಗಿ ಹಾಜಿಯವರ ಕೆನ್ನೆಯನ್ನು ಜಗ್ಗಿದರೆ, ಹಿಡಿದವನು ತಾನೇ ಬಟ್ಟೆ ಮಡಚಿಟ್ಟು ಊರಿಗೆ ಹೊರಡುವುದು ಅಲ್ಲಿನ ರೂಢಿ. ಯಾರೂ ಕಾರಣ ಕೇಳುವುದಿಲ್ಲ. ಕಣ್ಣು ಮಂಜಾಗಿರಬೇಕು, ಕೈ ಸೋತಿರಬೇಕು ಎಂದುಕೊಳ್ಳುತ್ತಾರೆ. ಆದರೆ ಸಾಕಿದವರ ಮುಖವನ್ನು ಬೇಕೆಂದೇ ಜಗ್ಗುವುದು ಎಂಕೊಸ್‌ನಿಂದ ಆಗದ ಮಾತು. ಆ ಪಾಪವನ್ನು ಕತ್ತಿ ಮಸೆಯುವ ಚರ್ಮದ ಪಟ್ಟಿಯ ತಲೆಗೆ ಕಟ್ಟೋಣ ಎಂದುಕೊಂಡ.

ಹಳೆಯ ಪಟ್ಟಿ ಸವೆದು ಬಿರುಕು ಬಿಟ್ಟಿತ್ತು. ಊರಿನ ಚರ್ಮ ಹದಮಾಡುವವರಿಂದ ತಂದಿದ್ದ ಎಮ್ಮೆಚರ್ಮವನ್ನು ನಾಲ್ಕು ಬೆರಳಗಲ ಕೊಯ್ದ. ಒಂದು ತುದಿಗೆ ಕಬ್ಬಿಣದ ಬಳೆ ಹೊಲಿದ. ಗಾಜಿನ ಶೀಶೆಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ. ಇನ್ನು ಕೆಮಿರಿ ಬೀಜದ ಎಣ್ಣೆ. ಅಂಗೈಯಲ್ಲಿ ಮೂರು ಹನಿ ಬೆಚ್ಚಗೆ ಮಾಡಿ ಸವರಬೇಕು, ವಾರ ಬಿಟ್ಟು ಮತ್ತೆ ಮೂರು. ಅದಕ್ಕಿಂತ ಹೆಚ್ಚಾದರೆ ಚರ್ಮ ಮೆತ್ತಗಾಗಿ ಅಲಗನ್ನು ಮೊಂಡು ಮಾಡುತ್ತದೆ. ಎಂಕೊಸ್ ಅರ್ಧ ಶೀಶೆ ಸುರಿದ. ಪಟ್ಟಿ ಒದ್ದೆ ಚಿಂದಿಯ ಹಾಗೆ ಜೋತುಬಿತ್ತು. ಅವನ ಎದೆ ಹಗುರವಾಯಿತು.

ಶುಕ್ರವಾರ ನಮಾಜಿಗೆ ಮುಂಚೆ, ಎಂದಿನಂತೆ, ಹಾಜಿ ಬಂದು ಕುರ್ಚಿಯಲ್ಲಿ ಕೂತರು. ಎಂಕೊಸ್‌ನ ಚೀಲ ಅದೇ ಕುರ್ಚಿಯ ಕೆಳಗೆ ಸಿದ್ಧವಾಗಿತ್ತು, ಮಧ್ಯಾಹ್ನಕ್ಕೆ ಬಸ್ಸು. ಕತ್ತಿಯನ್ನು ಪಟ್ಟಿಯ ಮೇಲೆ ಇಪ್ಪತ್ತು ಸಲ ಎಳೆದ. ಹೆಬ್ಬೆರಳು ಸೋಕಿಸಿ ನೋಡಿದರೆ ಅಲಗು ಸತ್ತೇಹೋಗಿತ್ತು.

ನೊರೆ ಹಚ್ಚಿಸಿಕೊಂಡ ಹಾಜಿ ಕಣ್ಣುಮುಚ್ಚಿ ಹಳೆಯ ಕತೆ ತೆಗೆದರು. ಎಂಕೊಸ್ ಬಂದ ಮೊದಲ ದಿನ ಹಲಸಿನಕಾಯಿ ಪಲ್ಯ ಬೇಕೆಂದು ಅತ್ತಿದ್ದನಂತೆ. ಅವನು ಹೂಂಗುಡುತ್ತ ಕತೆಯಲ್ಲಿ ಮುಳುಗಿದ. ಆಮೇಲೆ ಉಸಿರು ಬಿಗಿಹಿಡಿದು ಕತ್ತಿಯನ್ನು ಕೆನ್ನೆಗಿಟ್ಟ.

ಜಗ್ಗಲಿಲ್ಲ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಇನ್ನೊಂದು ಕೆನ್ನೆಯೂ ಹಾಗೆಯೇ.

ನಂಬಲಾರದೆ ಕೈ ನೋಡಿಕೊಂಡ. ಎಡ ಅಂಗೈಯ ತುಂಬ ಹೊಸದಾಗಿ ಎದ್ದ ಕಪ್ಪು ಗೆರೆಗಳು. ಹೂಂಗುಡುತ್ತಿದ್ದಷ್ಟೂ ಹೊತ್ತು ಹಾಳಾದ ಬಲಗೈ, ಮೊಂಡಾದ ಅಲಗನ್ನು ತಾಳಲಾರದೆ, ಅವನನ್ನೊಂದು ಮಾತೂ ಕೇಳದೆ, ಅದನ್ನು ಅಂಗೈಗೆ ತೀಡಿ ತೀಡಿ ಹರಿತ ಮಾಡಿಬಿಟ್ಟಿತ್ತು. ಆ ಕೈಯನ್ನು ಕಡಿದೆಸೆಯುವಷ್ಟು ಸಿಟ್ಟು ಬಂತು ಅವನಿಗೆ.

ಹಾಜಿ ಕೆನ್ನೆ ಸವರಿಕೊಂಡರು. “ಪಟ್ಟಿ ಭಾಳ ಚೆನ್ನಾಗಿ ಹದ ಮಾಡಿದೀಯ ಕಣಯ್ಯ. ಸಾಲಿನಲ್ಲಿರೋ ಎಲ್ಲಾ ಕುರ್ಚಿಗೂ ಇಂಥದ್ದೇ ಒಂದೊಂದು ಮಾಡಿಕೊಡು. ನೀನಿರೋವಾಗ ನನಗೇನು ಚಿಂತೆ?”

ಎಂಕೊಸ್ ಕಾಲಿನಿಂದ ಚೀಲವನ್ನು ಕುರ್ಚಿಯ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದ. ಬಾಯಿ ತೆರೆದ.

“ಚಹಾ ತರಲಾ, ದೊಡ್ಡಪ್ಪ?”